ಸಕಾತಾ-ಸಾನ್ ಕೊಟ್ಟ ಹಾಲು

ಸೊಕ್ಕಲ್ಲ ಕಣೇ ಅಮೂಲ್ಯ, ಹೆದರಿಕೆ. ಅದಕ್ಕೇ ನಿಮ್ಮ ಜಲಜತ್ತೆ ಯಾರ ಫೋನೂ ಎತ್ತುತ್ತಿಲ್ಲ. ನನಗೊಬ್ಬಳಿಗೆ ಅಳುತ್ತ ಎಲ್ಲ ಹೇಳಿದಳು. ಕೇಳು.

ಜಲಜಾ ಇಲ್ಲೇ ತ್ಸುಕುಬಾದ ಲ್ಯಾಬಿನಲ್ಲಿ ಹಾಲಿನ ಪ್ರೋಟೀನು ಅಳೆಯುತ್ತಾಳಲ್ಲ, ಹಾಲಿಗೆ ಹದವಾಗಿ ಹುಳಿ ಬೆರೆಸಿದರೆ ಕೇಸೀನು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಯಂತ್ರಕ್ಕೆ ಕೊಟ್ಟರೆ, ಅದರಲ್ಲಿ ಉಳಿದ ಪ್ರೋಟೀನು ಪರದೆಯ ಮೇಲೆ ಗುಡ್ಡದ ಹಾಗೆ ಗೆರೆಯಾಗಿ ಏಳುತ್ತದೆ. ನಾವು ನಿಂಬೆಹಣ್ಣು ಹಿಂಡಿ ಪನೀರ್ ಮಾಡುವುದಿಲ್ಲವೇ, ಹಾಗೇ. ಇವರದ್ದು ತಿನ್ನುವುದಕ್ಕಲ್ಲ, ಅಷ್ಟೆ.

ಶನಿವಾರ ಸಕಾತಾ-ಸಾನ್ ಅಂತ ಹಸು ಸಾಕುವ ಹಿರಿಯರು, ಲ್ಯಾಬು ಮುಚ್ಚಿದ ಮೇಲೆ ಬಂದು, ಗೇಟಿನಲ್ಲೇ ಜಲಜೆಯ ಕೈಗೆ ಹಸಿ ಹಾಲಿನ ಬಾಟಲಿ ಕೊಟ್ಟರು. ಚೀಸ್ ಮಾಡುವವರೊಬ್ಬರು ಅವರ ಹಾಲು ಕೊಳ್ಳಬೇಕಾದರೆ ಪರೀಕ್ಷೆಯಾಗಬೇಕಿತ್ತು. ಕಾಯಿಸದ ಹಾಲೇ ಬೇಕು ಚೀಸಿನವರಿಗೆ. ಜಲಜಾ ನಿಯಮ ಮೀರಿ ಬಾಟಲಿಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟಳು.

ಇವತ್ತು ನೋಡಿದರೆ ಗುಡ್ಡವಿರಬೇಕಾದಲ್ಲಿ ದಿಬ್ಬವೂ ಇಲ್ಲ. ಮತ್ತೆ ಮಾಡಿದಳು. ಅದೇ.

"ಜಲಜಾ-ಸಾನ್, ಈ ಹಾಲು ಕಾಯಿಸಿದ್ದು," ಎಂದರು ಮೇಲಧಿಕಾರಿ ಮೊರಿತಾ-ಸಾನ್. "ಬಿಸಿಗೆ ತಿಳಿನೀರಿನ ಪ್ರೋಟೀನು ಕೇಸೀನಿಗೆ ಅಂಟಿ ತಳ ಸೇರಿದೆ. ಸಕಾತಾ-ಸಾನ್ ಸುಳ್ಳು ಹೇಳಿದ್ದಾರೆ. ಸಂಜೆ ಚೀಸಿನವರಿಗೆ ತಿಳಿಸುತ್ತೇನೆ."

ಜಲಜಾ ಹೊರಗೋಡಿ ಗಂಡನಿಗೆ ಫೋನ್ ಮಾಡಿದಳು.

"ರೀ, ಫ್ರಿಜ್ಜಲ್ಲಿದ್ದ ಬಾಟ್ಲಿ ಮುಟ್ಟಿದ್ರಾ?"

"ಹಾಲಾ? ಕಾಯ್ಸಿ, ಆರ್ಸಿ, ಅದ್ರಲ್ಲೇ ತುಂಬ್ಸಿಟ್ಟೆ. ಕೆನೆ ಮಾತ್ರ ನಾನ್ ತಿಂದೆ, ಸಾರಿ."

"ಯಾರ್ರೀ ಕಾಯ್ಸಕ್ಕೆ ಹೇಳಿದ್ದು?"

"ಹಸಿ ಹಾಲು ಯಾರಾದ್ರೂ ಹಾಗೇ ಇಡ್ತಾರೇನೇ? ಒಳ್ಳೇದ್ ಮಾಡಿದ್ರೂ ಬೈಸ್ಕೋಬೇಕು!"

ನಮ್ಮ ಗಿರಿಧರ್ ಕೊಂಬಿನಿ ಅಂಗಡಿಯ ಪ್ಯಾಕೆಟ್ ಹಾಲನ್ನೂ ಉಕ್ಕಿಸದೆ ಕುಡಿಯುವವನಲ್ಲ, ಪಾಪ.

ಬಾಯಿ ಬಿಟ್ಟರೆ ಜಲಜೆಯ ಕೆಲಸಕ್ಕೇ ಕುತ್ತು. ಬಿಡದಿದ್ದರೆ ಆ ಹಿರಿಯರು ಊರಿಗೆಲ್ಲ ಸುಳ್ಳುಗಾರ. ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು.

"ಸುಮಿಮಾಸೆನ್, ತಪ್ಪಾಯಿತು. ಹಾಲು ನನ್ನ ಮನೆಯಲ್ಲಿತ್ತು. ನನ್ನ ಗಂಡ ಕಾಯಿಸಿದರು."

ಮೊರಿತಾ-ಸಾನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೊಸ ಹಾಲು ತರಿಸಿ. ನಿಮ್ಮ ವಿಷಯ ಆಮೇಲೆ."

ಸಕಾತಾ-ಸಾನ್ ಏನೂ ಕೇಳದೆ ಮತ್ತೆ ಹಾಲು ತಂದಿದ್ದಾರೆ. ಟೋಪಿ ತೊಡೆಯ ಮೇಲಿಟ್ಟುಕೊಂಡು ಗೇಟಿನ ಬಳಿ ಕೂತಿದ್ದಾರಂತೆ. ಗೆರೆ ಏಳಲು ಇನ್ನೂ ಹೊತ್ತಿದೆ. ಜಲಜಾ ಯಂತ್ರದ ಮುಂದೆ ನಿಂತೇ ಇದ್ದಾಳೆ, ಬೆಳಗ್ಗೆಯಿಂದ ಹಸಿದುಕೊಂಡು.

ಏಳು, ಸೈಕಲ್ ತೆಗಿ. ಚಿತ್ರಾನ್ನ ಕಲಸಿಟ್ಟಿದ್ದೇನೆ, ಅತ್ತೆಗೆ ಒಂದು ಡಬ್ಬಿ, ಆ ಹಿರಿಯರಿಗೆ ಒಂದು. ಅವರದ್ದರಲ್ಲಿ ಮೆಣಸಿನಕಾಯಿ ಆರಿಸಿ ತೆಗೆದು ಕೊಡು, ಮರೀಬೇಡ.