ಒಬ್ಬಳಿಗೆ ಎರಡು ಪ್ಲೇಟು ನೀರುದೋಸೆ

ಭೂತ, ಪ್ರೇತ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವ ಪೈಕಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಹೇಳಲು ಹೊರಟಿರುವ ಸಂಗತಿಯನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ, "ಬಿಸಿಲು ತಲೆಗೆ ಹತ್ತಿದೆ, ಒಂದು ಲೋಟ ಮಜ್ಜಿಗೆ ಕುಡೀರಿ" ಎಂದು ಕಳಿಸಿಬಿಡುತ್ತಿದ್ದೆ. ಈಗಲೂ ನಂಬಿದ್ದೇನೆ ಎಂದು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ಅವತ್ತು ನನಗೆ ಭಯವೂ ಆಗಲಿಲ್ಲ. ಆದದ್ದು ಸಿಟ್ಟು, ಅದು ಇನ್ನೂ ಇಳಿದಿಲ್ಲ.

ನನ್ನ ಯಜಮಾನರು ಮಂಗಳೂರಿನವರು. ಎಳೆಯ ವಯಸ್ಸಿನಲ್ಲೇ ದಾವಣಗೆರೆಗೆ ಬಂದು, ಯಾರದೋ ಹೋಟೆಲಿನಲ್ಲಿ ದುಡಿದು, ಆಮೇಲೆ ಸ್ವಂತ ಹೋಟೆಲು ಇಟ್ಟವರು. ನಾನು ದಾವಣಗೆರೆಯವಳೇ. ಜಾತಿ ಬೇರೆ, ಮನೆಮಾತು ಬೇರೆ. ನಮ್ಮ ಮದುವೆಗೆ ಅವರ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬೇಡ ಬಿಡಿ, ಬಾರದವರನ್ನು ನಾನೇನು ಬೈಯುವುದು? ನನ್ನ ತಕರಾರು ಇರುವುದು ಇವರ ಮೇಲೆ. ಬಾಳಿದಷ್ಟು ಕಾಲ ಒಂದೇ ಒಂದು ಸಲವಾದರೂ ನನ್ನನ್ನು ತಮ್ಮ ಊರಿಗೆ ಕರೆದುಕೊಂಡು ಹೋಗಲಿಲ್ಲ, ಪುಣ್ಯಾತ್ಮ! ಕೇಳಿದಾಗಲೆಲ್ಲ ಒಂದೇ ಉತ್ತರ: "ಎಂತ ಉಂಟು ಅಲ್ಲಿ? ಬರೀ ಸೆಕೆ."

ಸೆಕೆಯಂತೆ ಸೆಕೆ! ದಾವಣಗೆರೆಯಲ್ಲೇನು ಮಂಜು ಬೀಳುತ್ತದೆಯೇ? ತಮ್ಮವರ ಎದುರು ನನ್ನ ಪಕ್ಕ ನಿಂತು "ಇವಳು ನನ್ನ ಹೆಂಡತಿ" ಎಂದು ಹೇಳುವ ಎದೆ ಆ ಮನುಷ್ಯನಿಗೆ ಇರಲಿಲ್ಲ, ಅಷ್ಟೇ. ಹೋಟೆಲಿಗೆ ಮಂಗಳೂರಿನ ಯಾರಾದರೂ ಬಂದರೆ ತುಳುವಿನಲ್ಲಿ ಮಾತು, ನಗು. ನಾನು ಕಾಫಿ ಹಿಡಿದು ಬದಿಯಲ್ಲಿ ನಿಂತಿರುತ್ತಿದ್ದೆ. ನಾನು ಯಾರೆಂದು ಬಂದವರೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಏನು ಮಾತಾಡಿದಿರಿ ಎಂದರೆ "ಎಂತ ಇಲ್ಲ, ಹೋಟೆಲಿನ ಸುದ್ದಿ" ಎನ್ನುತ್ತಿದ್ದರು. ಆ ಹಟಕ್ಕೇ ನಾನು ತುಳು ಕಲಿಯಲಿಲ್ಲ.

ಅವರು ತೀರಿಕೊಂಡ ಎರಡನೆಯ ವರ್ಷ ನಾನು ದಕ್ಷಿಣದ ಕ್ಷೇತ್ರಗಳನ್ನು ನೋಡಲು ಹೊರಟೆ. ಮಗಳು "ಟೂರಿನವರ ಜೊತೆ ಹೋಗಮ್ಮ" ಎಂದು ಗೋಗರೆದಳು. ನಾನು ಕೇಳಲಿಲ್ಲ. ಇಷ್ಟು ವರ್ಷ ಇನ್ನೊಬ್ಬರು ಕರೆದುಕೊಂಡು ಹೋಗಲಿ ಎಂದು ಕಾದದ್ದು ಸಾಕು, ಈ ಒಂದು ಯಾತ್ರೆಯನ್ನು ನನ್ನ ಕಾಲಿನ ಮೇಲೆ, ನಾನೊಬ್ಬಳೇ ಮುಗಿಸಬೇಕು ಎಂಬುದು ನನ್ನ ಛಲ. ರಾಮೇಶ್ವರ, ನಾಗೂರಿನ ದರ್ಗಾ, ವೇಳಾಂಕಣಿ, ಕನ್ಯಾಕುಮಾರಿ, ಅಲ್ಲಿಂದ ಕೇರಳ ಹಾದು ಕೊನೆಗೆ ಮಂಗಳೂರು. ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ನೀವು ತೋರಿಸದಿದ್ದರೆ ನನಗೆ ಕಣ್ಣಿಲ್ಲವೇ ಎಂದು ಅವರಿಗೆ ಕೇಳಿಸುವ ಹಾಗೆ ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ದಾರಿಯುದ್ದಕ್ಕೂ ನನ್ನ ತಲೆ ತಿಂದದ್ದು ಒಂದೇ ಪ್ರಶ್ನೆ: ಒಬ್ಬರೇನಾ? ತಮಿಳಿನಲ್ಲಿ ಕೇಳಿದರು, ಮಲಯಾಳದಲ್ಲಿ ಕೇಳಿದರು, ಹರಕು ಇಂಗ್ಲಿಷಿನಲ್ಲೂ ಕೇಳಿದರು. ಒಂಟಿ ಹೆಂಗಸಿಗೆ ರೂಮಿಲ್ಲ ಎಂದು ಲಾಡ್ಜಿನವರು ಮುಖದ ಮೇಲೆ ಹೇಳಿದರು. ಗಂಡಸೊಬ್ಬ ಒಂಟಿಯಾಗಿ ಬಂದರೆ ಕೀಲಿಕೈ ಕೊಡುತ್ತಾರೆ, ನೆರೆತ ಕೂದಲಿನ ಮೇಷ್ಟ್ರಮ್ಮನಿಗೆ ಕೊಡುವುದಿಲ್ಲ. ಒಂದು ದೇವಸ್ಥಾನದಲ್ಲಿ ಅರ್ಚಕರು ಯಜಮಾನರು ಎಲ್ಲಿ ಎಂದರು. ಇಲ್ಲ ಎಂದೆ. ಕೊಡಲು ಚಾಚಿದ್ದ ಕುಂಕುಮವನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ದೇವರು ಸುಮ್ಮನೆ ನೋಡುತ್ತಿದ್ದ. ನನಗಂತೂ ಮೈಯೆಲ್ಲ ಉರಿದುಹೋಯಿತು.

ಮಂಗಳೂರಿಗೆ ಬಂದಾಗ ಬೆಳಿಗ್ಗೆ. ಇವರು ಹುಟ್ಟಿದ ಬೀದಿ ಜೆಪ್ಪುವಿನಲ್ಲಿ ಎಂದು ಗೊತ್ತಿತ್ತು, ಅಲ್ಲೇ ಹತ್ತಿರದ ಒಂದು ಸಣ್ಣ ಲಾಡ್ಜಿಗೆ ಹೋದೆ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಒಳಗೆ ಕಾಲಿಟ್ಟಿದ್ದು. ಕೌಂಟರಿನಲ್ಲಿದ್ದವರು ಒಮ್ಮೆ ನನ್ನನ್ನು, ಒಮ್ಮೆ ಬಾಗಿಲ ಕಡೆ ನೋಡಿ, "ಉಂಟು, ಉಂಟು. ಫ್ಯಾನ್ ಸಾಕಾ, ಎಸಿ ಬೇಕಾ?" ಎಂದರು. ಅಷ್ಟೇ! ಒಬ್ಬರೇನಾ ಎಂಬ ಮಾತೇ ಇಲ್ಲ. ಅಬ್ಬಾ, ಮರ್ಯಾದಸ್ಥರ ಊರು ಕೊನೆಗೂ ಸಿಕ್ಕಿತು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಇಂಥ ಊರನ್ನು ಮುಚ್ಚಿಟ್ಟದ್ದಕ್ಕೆ ಯಜಮಾನರಿಗೆ ಇನ್ನೊಂದು ಸುತ್ತು ಬೈದೆ.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಸ್ನಾನ ಮುಗಿಸಿ ಕೆಳಗಿಳಿದಾಗ ಅದೇ ಮನುಷ್ಯ, "ಅಮ್ಮ, ಯಜಮಾನ್ರ ಆಧಾರ್ ಸಹ ಒಂದು ಕೊಡಿ ಆಯ್ತಾ, ಗಡಿಬಿಡಿ ಇಲ್ಲ" ಎಂದರು. ಯಾವ ಯಜಮಾನರು ಎಂದೆ. ನಿಮ್ಮ ಹಿಂದೆಯೇ ಬಂದರಲ್ಲ, ಮೆಟ್ಟಿಲ ಹತ್ತಿರ ನಿಂತಿದ್ದರಲ್ಲ ಎಂದರು. ನಾನು ಒಬ್ಬಳೇ ಬಂದದ್ದು ಎಂದು ಗಟ್ಟಿಯಾಗಿ ಹೇಳಿದೆ. ಅವರು ಪೆಚ್ಚಾದರು. ಬೇರೆ ಯಾರನ್ನೋ ನೋಡಿರಬೇಕು ಎಂದುಕೊಂಡೆ. ಆದರೂ ಹೊಟ್ಟೆ ಉರಿಯಿತು. ರೂಮು ಸಿಕ್ಕಿದ್ದು ನನಗಲ್ಲ, ಗಂಡ ಇರುವ ಹೆಂಗಸಿಗೆ!

ಬಿಕರ್ನಕಟ್ಟೆಯ ಬಾಲಯೇಸುವಿನ ಗುಡಿಗೆ ಹೋಗಲು ರಿಕ್ಷಾ ಹತ್ತಿದೆ. ಹತ್ತಿ ಕುಳಿತರೂ ಅವನು ಹೊರಡುವುದಿಲ್ಲ. ಏನಪ್ಪಾ ಎಂದರೆ, "ಅವರು ಸಹ ಹತ್ತಲಿ ಅಮ್ಮ, ನಿಧಾನ" ಎಂದು ರಸ್ತೆಯ ಕಡೆ ನೋಡುತ್ತಿದ್ದಾನೆ. ನಾನು ತಲೆ ಹೊರಗೆ ಹಾಕಿ ನೋಡಿದೆ. ಒಂದು ನಾಯಿಯೂ ಇರಲಿಲ್ಲ. ಯಾರೂ ಇಲ್ಲ, ನಡಿ ಎಂದು ಗದರಿದೆ. ಗುಡಿಯಲ್ಲಿ ಕುಳಿತಷ್ಟು ಹೊತ್ತೂ ಪ್ರಾರ್ಥನೆ ಬರಲಿಲ್ಲ, ಪಕ್ಕದಲ್ಲಿ ಯಾರಾದರೂ ಕೂತಿದ್ದಾರೋ ಎಂದು ಬೆಂಚನ್ನೇ ನೋಡುತ್ತಿದ್ದೆ. ಇಷ್ಟು ದೂರ ಒಬ್ಬಳೇ ಬಂದ ನನ್ನ ಒಂಟಿತನವನ್ನೂ ಯಜಮಾನರು ಕಿತ್ತುಕೊಳ್ಳುತ್ತಿದ್ದಾರಲ್ಲ ಎಂದು ಅಳು ಬರುವಷ್ಟು ಕೋಪ ಬಂತು.

ಮಧ್ಯಾಹ್ನ ಕದ್ರಿ ದೇವಸ್ಥಾನ ನೋಡಿ ಇಳಿದು ಬಂದು ಒಂದು ಹೋಟೆಲಿಗೆ ಹೋದೆ. ಸಣ್ಣ ಜಾಗ, ಎದುರು ಬದುರು ಎರಡೇ ಕುರ್ಚಿಯ ಮೇಜುಗಳು. ನೀರುದೋಸೆ ಹೇಳಿ ಕೈ ತೊಳೆಯಲು ಎದ್ದು ಹೋದೆ. ತಿರುಗಿ ಬಂದರೆ ಮೇಜಿನ ಮೇಲೆ ಎರಡು ಲೋಟ ನೀರು, ಎರಡು ಪ್ಲೇಟು ದೋಸೆ. ಎದುರಿನ ಪ್ಲೇಟಿಗೆ ಕೆಂಪು ಚಟ್ನಿ, ನನ್ನದಕ್ಕೆ ಮಾತ್ರ ಕಾಯಿಬೆಲ್ಲ. ಸಪ್ಲೈಯರು ನಡುವಯಸ್ಸಿನವರು. ನಾನು ಕೇಳುವ ಮೊದಲೇ ನಗುತ್ತಾ, "ಅವರೇ ಹೇಳಿ ಹೋದದ್ದು ಅಕ್ಕ, ಎನ್ನ ಬುಡೆದಿಗ್ ಖಾರ ಆಪುಜಿ ಅಂತ" ಎಂದರು.

ಬುಡೆದಿ! ನಮ್ಮೂರಿನ ಕಿವಿಗೆ ಅದು ಹೇಗೆ ಕೇಳಿಸೀತು ಹೇಳಿ? ಬುಡವಿಲ್ಲದವಳು ಎಂದ ಹಾಗೆ, ಬುಡಸಮೇತ ಕಿತ್ತು ಒಗೆದವಳು ಎಂದ ಹಾಗೆ. ಬೆಳಗಿನಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ಯಾರಿಗ್ರೀ ಬುಡೆದಿ ಅಂತೀರಿ? ನಾಲಿಗೆ ಬಿಗಿ ಹಿಡಿದು ಮಾತಾಡ್ರಿ!"

ಪಾಪ, ಆ ಮನುಷ್ಯ ಹೌಹಾರಿದರು. "ಅಯ್ಯೋ, ಬೈದದ್ದು ಅಲ್ಲ ಮಾರಾಯ್ರೆ! ತುಳುವಿನಲ್ಲಿ ಬುಡೆದಿ ಅಂದ್ರೆ ಹೆಂಡ್ತಿ. ನನ್ನ ಹೆಂಡತಿಗೆ ಖಾರ ಆಗುದಿಲ್ಲ ಅಂತ ಹೇಳಿದ್ರು, ಅಷ್ಟೇ. ನಿಮಗೆ ತುಳು ಬರುದಿಲ್ವಾ?"

ಹೇಗಿದ್ದರು ಅವರು ಎಂದೆ. "ಬಿಳಿ ಅಂಗಿ, ಹೆಗಲಿಗೆ ಒಂದು ಬೈರಾಸು" ಎಂದರು. ಬೈರಾಸೆಂದರೆ ಟವೆಲು, ಮನೆಯಲ್ಲಿ ಇವರು ಹಾಗೇ ಕರೆಯುತ್ತಿದ್ದರು, ಅದಿಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಆದರೆ ಈ ಕರಾವಳಿಯಲ್ಲಿ ಹೆಗಲಿಗೆ ಟವೆಲು ಹಾಕಿದ ಗಂಡಸರಿಗೇನು ಬರವೇ? ನನ್ನ ಮೊಬೈಲಿನಲ್ಲಿ ಇವರ ಫೋಟೋ ಇತ್ತು. ಕೈ ಚೀಲದೊಳಗೆ ಹೋಯಿತು, ಹಾಗೇ ಹೊರಗೆ ಬಂತು. ಹೌದು ಎಂದರೂ ತಾಳಲಾರೆ, ಅಲ್ಲ ಎಂದರೂ ತಾಳಲಾರೆ ಎನ್ನಿಸಿತು.

ಖಾರ ನನಗೆ ಆಗುವುದಿಲ್ಲ, ಅದು ನಿಜ. ತಿಂದರೆ ಬಾಯೆಲ್ಲ ಹುಣ್ಣು. ಇಡೀ ಊರಿಗೆ ಬಡಿಸುವ ಈ ಮನುಷ್ಯನಿಗೆ ಎಷ್ಟು ಸಲ ಹೇಳಿದ್ದೆನೋ! "ಒಂದು ಚೂರು ತಿಂದರೆ ಎಂತ ಆಗುದಿಲ್ಲ" ಎಂದು ಪೇಪರಿನಿಂದ ತಲೆಯನ್ನೂ ಎತ್ತುತ್ತಿರಲಿಲ್ಲ. ಕೇಳಿಸಿಕೊಂಡೇ ಇಲ್ಲ ಎಂದುಕೊಂಡಿದ್ದೆ.

ಮುಂದೆ ಮಾಡಿದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಎದುರಿನ ಖಾಲಿ ಕುರ್ಚಿಗೆ ಬೈದೆ, ಕನ್ನಡದಲ್ಲೇ, ಬಾಯಿ ತುಂಬ. "ಈಗ ಹೇಳ್ತೀರೇನ್ರೀ? ಈಗ? ಇದ್ದಾಗ ಬಾಯಿಗೆ ಬೀಗ ಜಡಿದಿತ್ತೇನು? ಬರೋದಿದ್ದರೆ ಆಗ ಕೈ ಹಿಡಿದು ಕರಕೊಂಡು ಬರಬೇಕಿತ್ತು. ಹಿಂಗ ಕಳ್ಳನಂಗ ಬೆನ್ನ ಹಿಂದೆ ಬರೋದಲ್ಲ!"

ಬೇರೆ ಮೇಜಿನವರು ತಿರುಗಿ ನೋಡಿದರು, ಹುಚ್ಚಿ ಎಂದುಕೊಂಡಿರಬೇಕು. ಆ ಸಪ್ಲೈಯರೂ ಹಾಗೆ ನೋಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಅವರು ಮಾತ್ರ ಒಮ್ಮೆ ನನ್ನನ್ನು, ಒಮ್ಮೆ ಆ ಕುರ್ಚಿಯನ್ನು ನೋಡಿ, ಗಂಡ ಹೆಂಡಿರ ಮಾತಿನ ನಡುವೆ ನಿಲ್ಲಬಾರದು ಎನ್ನುವಂತೆ ತಲೆ ತಗ್ಗಿಸಿ ಅಡುಗೆಮನೆಯ ಕಡೆ ಹೋಗಿಬಿಟ್ಟರು.

ನಾನು ಕಾಯಿಬೆಲ್ಲ ಹಚ್ಚಿಕೊಂಡು ನನ್ನ ದೋಸೆ ತಿಂದೆ. ಎದುರಿನದು ಹಾಗೇ ಆರಿತು. ಲಾಡ್ಜಿನವರಿಗೆ ಕಣ್ಣು ತಪ್ಪಿರಬಹುದು, ರಿಕ್ಷಾದವನಿಗೆ ಬೇರೆ ಗಿರಾಕಿ ಕಂಡಿರಬಹುದು, ಸಪ್ಲೈಯರು ಇನ್ನಾರದೋ ಮಾತನ್ನು ನನ್ನ ಮೇಜಿಗೆ ತಂದಿರಬಹುದು. ಒಂದೊಂದಕ್ಕೂ ಒಂದೊಂದು ಕಾರಣ ಹೇಳಬಲ್ಲೆ, ಮೂರನ್ನೂ ಒಟ್ಟಿಗೆ ಇಟ್ಟರೆ ನನ್ನ ವಿಜ್ಞಾನ ಬಾಯಿ ಮುಚ್ಚುತ್ತದೆ. ಮಗಳಿಗೂ ಹೇಳಿಲ್ಲ. ತುಳುವಿನ ಆ ಒಂದು ಮಾತನ್ನು ಮಾತ್ರ ಕಲಿತಿದ್ದೇನೆ, ಮರೆಯಲು ಆಗುತ್ತಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರು ಮಲಗಿ ವರ್ಷಗಳೇ ಆದವು. ನಾನಿನ್ನೂ ಜಗಳವಾಡುತ್ತಲೇ ಇದ್ದೇನೆ.