ಗಾಡಿ ಎಲ್ಲಿಗೆ ಬಂತು?

ಆ ಎರಡೂವರೆ ತಿಂಗಳು ನನ್ನನ್ನು ಯಾರೂ ‘ಊಟ ಆಯ್ತಾ’ ಅಂತ ಕೇಳಲಿಲ್ಲ. ಕೇಳಿದ್ದೆಲ್ಲ ಒಂದೇ, ‘ಗಾಡಿ ಎಲ್ಲಿಗೆ ಬಂತು?’ ತಿಪಟೂರಿನ ಮಾರುಕಟ್ಟೆಯಲ್ಲಿ ತೂಕ ಹಾಕುವವನು ಕೇಳಿದ. ಕಂದಿಕೆರೆಯ ನೆಂಟರು ಫೋನ್ ಮಾಡಿ ಕೇಳಿದರು. ಕ್ಷೌರದಂಗಡಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಬಾಯಿ ತೆಗೆಯಲಾಗದೆ ಕೂತಿದ್ದಾಗ ಪಕ್ಕದ ಕುರ್ಚಿಯವನು ಕೇಳಿದ. ಮೊದಮೊದಲು ಉತ್ತರ ಹೇಳುತ್ತಿದ್ದೆ. ಆಮೇಲೆ ಬೈಯುತ್ತಿದ್ದೆ. ಕೊನೆಕೊನೆಗೆ ಬೈಯುವುದಕ್ಕೂ ಸುಸ್ತಾಗಿ ಸುಮ್ಮನೆ ಕೈ ಆಡಿಸಿಬಿಡುತ್ತಿದ್ದೆ.

ಗಾಡಿ ಅಂದರೆ ನನ್ನ ಮೋಟಾರ್ ಸೈಕಲ್ಲು. ನಾನು ಕೊಬ್ಬರಿ ವ್ಯಾಪಾರದವನು. ದಂಡಿನಶಿವರದಿಂದ ಕೆಂಕೆರೆವರೆಗೆ ತೋಟ ತೋಟಕ್ಕೂ ಹೋಗಿ ಮಾಲು ನೋಡಿಬರಲು ಹದಿನೆಂಟು ವರ್ಷ ಅದೇ ಗಾಡಿ ತುಳಿದವನು. ಅದನ್ನು ಅಸ್ಸಾಮಿಗೆ ಕಳಿಸಿದ್ದೆ. ಅಲ್ಲಿ ಒಂದು ಟೀ ತೋಟದ ಆಸ್ಪತ್ರೆಯಲ್ಲಿ ನನ್ನ ಮಗಳು ನರ್ಸು. ಒಬ್ಬಳೇ ಮಗಳು.

ಅವಳು ಅಷ್ಟು ದೂರ ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ತುರುವೇಕೆರೆಯಲ್ಲಿ ಆಸ್ಪತ್ರೆ ಇಲ್ಲವೇ, ತಿಪಟೂರಿನಲ್ಲಿ ರೋಗಿಗಳಿಗೇನು ಬರವೇ ಅಂತ ಕೂಗಾಡಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. ಅವಳದೂ ಅದೇ ಮೂಗು. ಹೊರಡುವ ಹಿಂದಿನ ದಿನ ಚೀಲ ತುಂಬುತ್ತಿದ್ದವಳ ಎದುರು ನಿಂತು, ‘ಅಲ್ಲಿ ಎಷ್ಟು ದಿನ ಇರ್ತೀಯೋ ನಾನೂ ನೋಡ್ತೀನಿ’ ಅಂದುಬಿಟ್ಟೆ. ಅವಳು ತಲೆ ಎತ್ತಲಿಲ್ಲ. ಮರುದಿನ ಸ್ಟೇಷನ್ನಿಗೆ ಅವಳ ಜೊತೆ ಅವಳಮ್ಮ ಹೋದಳು. ನಾನು ಮಾರುಕಟ್ಟೆಗೆ ಹೋಗಬೇಕು ಅಂದೆ. ಅವತ್ತು ಹರಾಜಿನ ದಿನವೇ ಅಲ್ಲ. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ, ರೈಲು ಕೂಗಿಕೊಂಡು ಹೋಗುವವರೆಗೆ ಕೂತಿದ್ದು ಎದ್ದು ಬಂದೆ.

ಆಮೇಲೆ ಅವಳು ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಿದ್ದಳು. ನನಗೆ ಸುದ್ದಿ ತಲುಪುತ್ತಿದ್ದದ್ದು ಅಡುಗೆಮನೆಯಿಂದ. ಅವಳಿಗೆ ಕೊಟ್ಟ ಮನೆ ಆಸ್ಪತ್ರೆಯಿಂದ ಹದಿನಾಲ್ಕು ಕಿಲೋಮೀಟರಂತೆ. ಸಂಜೆಯ ಮೇಲೆ ಬಸ್ಸಿಲ್ಲ. ಟೀ ಸೊಪ್ಪು ತುಂಬುವ ಟ್ರಾಕ್ಟರಿನಲ್ಲಿ ಕೂತು ಬರುತ್ತಾಳಂತೆ, ಅದೂ ಸಿಕ್ಕಿದರೆ. ಮೂರು ತಿಂಗಳೊಳಗೆ ಸ್ವಂತ ಗಾಡಿ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಬರದಿದ್ದರೆ ಕೆಲಸ ಕಾಯಂ ಆಗುವುದಿಲ್ಲ ಅಂತ ಅಲ್ಲಿನ ಡಾಕ್ಟರು ಹೇಳಿದ್ದರಂತೆ. ನಾನು ದುಡ್ಡು ಕಳಿಸಿದೆ. ಅದು ಹೋದ ದಾರಿಯಲ್ಲೇ ವಾಪಸ್ ಬಂತು.

‘ಅಪ್ಪನ ದುಡ್ಡು ಬ್ಯಾಡ್ವಂತೆ ಕಣ್ರೀ’ ಅಂದಳು ಹೆಂಡತಿ. ‘ಕೊಡೋದಾದ್ರೆ ಗಾಡಿ ಕೊಡ್ಲಿ, ನಾನು ಕಲ್ತಿದ್ದು ಅದ್ರಲ್ಲೇ ಅಂತಾಳೆ.’

ಕಲಿತದ್ದು ಅದರಲ್ಲೇ, ನಿಜ. ನಮ್ಮ ತೋಟದಲ್ಲಿ ತೆಂಗಿನ ಸಾಲುಗಳ ನಡುವೆ ನಾನೇ ಹಿಂದೆ ಓಡಿ ಕಲಿಸಿದ್ದೆ. ಒಂದು ಸಲ ಮರಕ್ಕೆ ಗುದ್ದಿ ಟ್ಯಾಂಕು ತಗ್ಗು ಬಿದ್ದಿತ್ತು. ಆ ತಗ್ಗನ್ನು ನಾನು ಸರಿ ಮಾಡಿಸಿರಲಿಲ್ಲ.

ಕಳಿಸುವುದು ಅಂತಾಯಿತು. ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ, ಹೆಚ್ಚುಕಡಿಮೆ ನನ್ನ ವಯಸ್ಸಿನವನು, ಪ್ಯಾಕಿಂಗ್ ತಾವೇ ಮಾಡುತ್ತೇವೆ ಅಂದ. ನಾನು ಒಪ್ಪಲಿಲ್ಲ. ದಿಲ್ಲಿವರೆಗೆ ಕೊಬ್ಬರಿ ಕಟ್ಟಿ ಕಳಿಸುವವನಿಗೆ ಒಂದು ಗಾಡಿ ಕಟ್ಟಲು ಬರುವುದಿಲ್ಲವೇ? ಪೆಟ್ರೋಲ್ ಖಾಲಿ ಮಾಡಿದೆ. ನಮ್ಮ ಕೊಬ್ಬರಿ ತುಂಬಿ ತುಂಬಿ ಮೆತ್ತಗಾದ ಹಳೇ ಗೋಣಿಚೀಲಗಳನ್ನು ಮೂರು ಸುತ್ತು ಸುತ್ತಿದೆ. ಲೈಟಿನ ಸುತ್ತ ತೆಂಗಿನ ನಾರು ಒತ್ತಿ ಹುರಿಹಗ್ಗದಲ್ಲಿ ಬಿಗಿದೆ. ನೋಡಿದ ಗುಮಾಸ್ತ, ‘ಮದ್ವೆ ಹೆಣ್ಣಿಗೂ ಇಷ್ಟು ಸೀರೆ ಸುತ್ತಲ್ಲ ಯಜಮಾನ್ರೇ’ ಅಂದ. ಒಂದು ಫಾರಂ ಕೊಟ್ಟ. ಓದದೆ ಸಹಿ ಹಾಕಿ ಮನೆಗೆ ಬಂದೆ.

ಹದಿನೈದು ದಿನ ಅಂದಿದ್ದರು. ಹದಿನೈದು ಹೋಯಿತು, ಇಪ್ಪತ್ತೈದು ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಯಾಕೆ ಹುಟ್ಟಿತು ಅಂತ ಆ ಆಫೀಸಿನ ಬೆಂಚಿನ ಮೇಲೆ ಕೂತಾಗ ನನಗೆ ತಿಳಿಯಿತು. ಗುಮಾಸ್ತ ಟೀ ಹೀರುತ್ತ, ‘ಬತ್ತೈತೆ ಬುಡಿ, ಎಲ್ಲೋಗ್ತೈತೆ?’ ಅನ್ನುತ್ತಿದ್ದ. ಎಲ್ಲಿಗೆ ಹೋಗುತ್ತದೆ ಅನ್ನುವುದೇ ನನ್ನ ಪ್ರಶ್ನೆಯೂ ಆಗಿತ್ತು. ದಾರಿಯಲ್ಲಿ ಎಲ್ಲೋ ಮಳೆಗೆ ಸೇತುವೆ ಕೊಚ್ಚಿಹೋಗಿದೆ ಅಂದರು. ಲಾರಿ ಬದಲಾಗಿದೆ ಅಂದರು. ನಡುವಿನ ಒಂದು ಗೋಡೌನಿನ ನಂಬರು ಕೊಟ್ಟರು. ನನಗೆ ಬರುವುದು ಕೊಬ್ಬರಿ ಹಿಂದಿ. ಮಾಲು, ಭಾವ್, ಕಲ್, ಪರಸೋಂ, ಅಷ್ಟೇ. ಅದರಲ್ಲೇ ಜಗಳ ಆಡಿದೆ. ಆ ಕಡೆಯವನು ದಿನಾ ಒಂದೇ ಮಾತು ಹೇಳಿದ, ‘ನಿಕಲ್ ಗಯಾ.’ ಹೊರಟಿತು ಅಂದ ಗಾಡಿ ಇನ್ನೂ ಮೂರು ವಾರ ಅದೇ ಗೋಡೌನಿನಲ್ಲಿ ನಿಂತಿತ್ತು.

ನಾವು ಕಾಯಲು ಬಾರದ ಜನ ಅಲ್ಲ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಸುಮ್ಮನಿರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಸರ ಮಾಡಿ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಅದೆಲ್ಲ ಗೊತ್ತಿದ್ದೂ ಈ ಗಾಡಿಗೆ ಕಾಯುವುದು ನನ್ನ ಕೈಲಾಗಲಿಲ್ಲ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಹಿಂದಿನ ದಿನ ಮೂಟೆ ಹೊತ್ತವನ ಹಾಗಿರುತ್ತಿತ್ತು. ತೋಟಗಳಿಗೆ ಬಸ್ಸಿನಲ್ಲಿ ಓಡಾಡಿದೆ. ಸಿಕ್ಕವರ ಗಾಡಿಯ ಹಿಂದೆ ಕೂತು ಹೋದೆ.

ಊರಿನವರಿಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. ‘ಬರ್ದಿದ್ರೆ ಒಳ್ಳೇದೇ ಆಯ್ತು ಬುಡ್ಲಾ, ಮಗ್ಳು ಊರಿಗ್ ಬತ್ತಾಳೆ’ ಅಂದ ಮಾರುಕಟ್ಟೆಯ ಗೆಳೆಯ. ನಾನು ನಕ್ಕೆ. ಮನೆಗೆ ಬಂದಮೇಲೆ, ನಕ್ಕದ್ದು ಯಾಕೆ ಅಂತ ಯೋಚಿಸಿದೆ. ಅವತ್ತು ಸಂಜೆಯೇ ಹೆಂಡತಿ ಅನ್ನ ಬಡಿಸುತ್ತ ಅಂದಳು:

‘ನಿಮ್ಗೆ ಅವ್ಳು ವಾಪಸ್ ಬರ್ಲಿ ಅಂತ್ಲೇ ಐತೆ ಕಣ್ರೀ. ಅದ್ಕೇ ಗಾಡೀನ ಇಂಥ ಕಡೆ ಕೊಟ್ಟು ಕುಂತಿದೀರ.’

‘ಏನಂದೆ? ನನ್ ಮಗ್ಳಿಗೆ ನಾನೇ ಅಡ್ಗಾಲ್ ಹಾಕ್ತೀನಾ?’ ಅಂತ ತಟ್ಟೆ ಸರಿಸಿ ಎದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಯಾಕೆಂದರೆ ಒಂದು ಮಾತು ನಾನು ಯಾರಿಗೂ ಹೇಳಿರಲಿಲ್ಲ. ಗುಮಾಸ್ತ ‘ಇವತ್ತೂ ಸುದ್ದಿ ಇಲ್ಲ’ ಅಂದಾಗ ಬಾಯಲ್ಲಿ ಬೈಗುಳ ಬರುತ್ತಿತ್ತು. ಆದರೆ ಕೆಲವು ದಿನ, ಎಲ್ಲ ದಿನ ಅಲ್ಲ, ಹೊಟ್ಟೆಯೊಳಗೆ ಎಲ್ಲೋ ಸಮಾಧಾನವೂ ಆಗುತ್ತಿತ್ತು. ಆ ಸಮಾಧಾನ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಮಗಳ ಗಡುವಿಗೆ ನಾಲ್ಕು ದಿನ ಉಳಿದಿದ್ದಾಗ ಗಾಡಿ ಅವಳಿಗೆ ತಲುಪಿತು. ಫೋಟೋ ಕಳಿಸಿದಳು. ಹೆಂಡತಿ ನೋಡಿ ಫೋನನ್ನು ನನ್ನ ಕೈಗಿಟ್ಟಳು. ಸೀಟು ಕಿತ್ತು ಚಿಂದಿಯಾಗಿತ್ತು. ಗೋಣಿಚೀಲ ಚೂರುಚೂರು. ಲೈಟಿನ ಹಿಂದಿನ ವೈರುಗಳೆಲ್ಲ ತುಂಡಾಗಿ ನೇತಾಡುತ್ತಿದ್ದವು. ಸ್ಟಾರ್ಟ್ ಆಗುವ ಮಾತೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಿಕ್ಕಿದ ಬಸ್ಸು ಹತ್ತಿ ಆಫೀಸಿಗೆ ಹೋದೆ. ಬಾಗಿಲಲ್ಲೇ ಶುರು ಮಾಡಿದೆ. ನಿಮ್ಮ ಮನೆ ಹಾಳಾಗ, ಕೋರ್ಟಿಗೆ ಎಳೀತೀನಿ, ನನ್ನ ಮಗಳ ಕೆಲಸ ತೆಗೆದಿರಿ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಗುಮಾಸ್ತ ಟೀ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದ.

‘ಇದು ಇಲಿ ಕೆಲ್ಸ’ ಅಂದ. ‘ಯಜಮಾನ್ರೇ, ಒಳಗೆ ತಿನ್ನೋದೇನಾದ್ರೂ ಇಟ್ಟಿದ್ರಾ?’

ಇಟ್ಟಿದ್ದೆ. ಗಾಡಿಯ ಸೈಡ್ ಬಾಕ್ಸಿನಲ್ಲಿ ಹಿಡಿಸುವಷ್ಟು ಉಂಡೆ ಕೊಬ್ಬರಿ ತುಂಬಿದ್ದೆ. ಹಿಡಿಸದೆ ಉಳಿದದ್ದನ್ನು ಸೀಟಿನ ಕೆಳಗೆ, ಲೈಟಿನ ಹಿಂದೆ, ನಾರಿನ ನಡುವೆ ತುರುಕಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಸ್ಟೇಷನ್ನಿಗೆ ಹೋಗದ ಅಪ್ಪ ಕೊಬ್ಬರಿ ಕಟ್ಟಿ ಕಳಿಸಿದ ಅಂತ ಯಾರ ಬಾಯಲ್ಲೂ ಕೇಳುವುದು ನನಗೆ ಬೇಕಿರಲಿಲ್ಲ.

ಗುಮಾಸ್ತ ಫಾರಂ ತೆಗೆದು ಮುಂದಿಟ್ಟ. ತಿನ್ನುವ ಪದಾರ್ಥ ಇಡಕೂಡದು ಅಂತ ಬರೆದಿತ್ತು, ಕೆಳಗೆ ನನ್ನ ಸಹಿ ಇತ್ತು. ‘ಗೋಡೌನು ಅಂದ್ಮೇಲೆ ಇಲಿ ಇರ್ತಾವೆ ಕಣ್ರೀ. ಅವು ಕಬ್ಬಿಣ ಹುಡ್ಕೊಂಡ್ ಬರಲ್ಲ. ನೀವೇ ಎಲೆ ಹಾಕಿ ಬಡಿಸಿದೀರ’ ಅಂದ. ಅವನು ಕೂಗಿದ್ದರೆ ನಾನೂ ಕೂಗಬಹುದಿತ್ತು. ಅವನು ನನಗೂ ಒಂದು ಟೀ ತರಿಸಿದ. ನಾನು ಅದನ್ನು ಕುಡಿದೆ.

ಆಫೀಸಿನ ಹೊರಗೆ ನಿಂತು ಮಗಳಿಗೆ ಫೋನ್ ಮಾಡಿದೆ. ಅವಳು ಹೋದಮೇಲೆ ನಾನಾಗಿ ಮಾಡಿದ ಮೊದಲ ಫೋನು ಅದು. ಎತ್ತಿದವಳು ಮೊದಲು ಕೇಳಿದ್ದು, ‘ಅವ್ವ ಹುಷಾರಾಗವ್ಳಾ?’

‘ಹುಷಾರಾಗವ್ಳೆ. ಆ ಕೊಬ್ಬರಿ...’

‘ಅವ್ವ ಇಟ್ಟಿದ್ದಲ್ವಾ? ಬೈಬ್ಯಾಡ ಅವ್ಳಿಗೆ.’

‘ಅವ್ಳಲ್ಲ ಕಣವ್ವ, ನಾನು.’ ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ‘ಹೋದ್ ವರ್ಷ ನೀನು ಕಾಲೇಜಿಂದ ರಜಕ್ಕೆ ಬಂದಾಗ ಅಟ್ಟಕ್ಕೆ ಹಾಕ್ದ್ಯಲ್ಲ ಕಾಯಿ, ಅದು. ಒಡ್ದೆ. ನೀನಿರ್ಲಿಲ್ಲ. ಅದ್ಕೇ ಇಟ್ಟೆ.’

ಆ ಕಡೆ ಮೂಗು ಎಳೆದ ಸದ್ದು. ‘ಇಲಿ ಎಲ್ಲಾನೂ ತಿಂದಿಲ್ಲ ಕಣಪ್ಪ. ಎರಡು ಉಳ್ದವೆ’ ಅಂದಳು.

‘ತಿಂದ್ಬುಟ್ಟೀಯ ಕಣೇ, ಇಲಿ ಮುಟ್ಟಿದ್ದು!’

‘ನರ್ಸಿಗೆ ಹೇಳ್ಕೊಡ್ತೀಯಾ?’

ನಕ್ಕಳು. ನನಗೆ ನಗಲಾಗಲಿಲ್ಲ. ‘ಹೋಗ್ಲಿ, ಬಂದ್ಬುಡು ಊರಿಗೆ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವತ್ತು ಅವಳು ಬರುತ್ತಿದ್ದಳೇನೋ. ಅವಳೂ ದಣಿದಿದ್ದಳು, ದನಿಯಲ್ಲೇ ಗೊತ್ತಾಗುತ್ತಿತ್ತು. ಅವಳು ಕಾದಳು. ನಾನು ಅಂದದ್ದು, ‘ಅಲ್ಲಿ ಯಾರಾದ್ರೂ ಮೆಕ್ಯಾನಿಕ್ ಅವ್ನಾ? ಫೋನ್ ಕೊಡು ಅವ್ನಿಗೆ.’

ಮರುದಿನ ಬೆಳಿಗ್ಗೆ ಟೀ ತೋಟದ ಟ್ರಾಕ್ಟರ್ ರಿಪೇರಿಯವನು ಫೋನಿಗೆ ಬಂದ. ಹದಿನೆಂಟು ವರ್ಷದಲ್ಲಿ ಆ ಗಾಡಿಯ ವೈರಿಂಗನ್ನು ರಸ್ತೆ ಬದಿಯಲ್ಲಿ, ತೋಟದ ಬದುವಿನ ಮೇಲೆ ನಾನೇ ಎಷ್ಟು ಸಲ ಬಿಚ್ಚಿ ಕಟ್ಟಿದ್ದೆನೋ. ಯಾವ ಪುಸ್ತಕದಲ್ಲೂ ಇಲ್ಲದ ಜೋಡಣೆ ಅದು. ನನಗೆ ಮಾತ್ರ ಗೊತ್ತು. ಕೆಂಪು ವೈರು ಎಲ್ಲಿಗೆ, ಹಳದಿಗೆ ಎಲ್ಲಿ ಗಂಟು ಹಾಕಬೇಕು, ಕಪ್ಪನ್ನು ಯಾವುದಕ್ಕೆ ತಾಗಿಸಕೂಡದು ಅಂತ ಕಣ್ಣು ಮುಚ್ಚಿಕೊಂಡು ಕೊಬ್ಬರಿ ಹಿಂದಿಯಲ್ಲಿ ಹೇಳುತ್ತ ಹೋದೆ. ಅವನ ಹಿಂದಿಯೂ ನನ್ನದರಷ್ಟೇ ಬಡವಾಗಿತ್ತು. ಎರಡು ದಿನ ಹಿಡಿಯಿತು. ನಡುವೆ ಎರಡು ಸಲ ಅವನಿಗೂ ಬೈದೆ, ಅವನೂ ಬೈದ, ಅವನ ಭಾಷೆಯಲ್ಲಿ. ಹೆಂಡತಿ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಸೀಟಿಗೆ ಮಗಳು ಉಳಿದ ಗೋಣಿಚೀಲವನ್ನೇ ಹೊಲಿದಳಂತೆ.

ಗಡುವಿನ ದಿನ ಬೆಳಿಗ್ಗೆ ಫೋನ್ ಬಂತು. ನನ್ನ ಫೋನಿಗೆ. ‘ಅಪ್ಪ, ಡ್ಯೂಟಿಗೆ ಹೊರಟೆ. ಕೇಳಿಸ್ಕೋ’ ಅಂದಳು. ಹೆಂಡತಿ ಓಡಿಬಂದು ಸ್ಪೀಕರ್ ಹಾಕಿದಳು. ಕಿಕ್ ಹೊಡೆದ ಸದ್ದು. ಇಲ್ಲ. ಇನ್ನೊಂದು. ಇಲ್ಲ.

‘ಚೋಕ್ ಎಳ್ಯೇ!’ ಅಂತ ಕೂಗಿದೆ.

ಮತ್ತೊಂದು ಕಿಕ್ಕಿಗೆ ಹತ್ತಿಕೊಂಡಿತು. ಸ್ವಲ್ಪ ಕೆಮ್ಮಿ, ಆಮೇಲೆ ಸರಿಯಾಯಿತು. ಹದಿನೆಂಟು ವರ್ಷ ನನ್ನ ಕಾಲಿನ ನಡುವೆ ಇದ್ದ ಸದ್ದು. ಸಣ್ಣವಳಿದ್ದಾಗ ತೋಟದ ತಿರುವಿನಲ್ಲಿ ಅದು ಕೇಳಿದರೆ ಸಾಕು, ಅಪ್ಪ ಬಂದ ಅಂತ ಬಾಗಿಲಿಗೆ ಓಡಿಬರುತ್ತಿದ್ದಳು. ಅವಳು ಫೋನನ್ನು ಜೇಬಿಗೆ ಹಾಕಿಕೊಂಡಳೇನೋ, ಕಟ್ ಮಾಡಲು ಮರೆತಳೋ, ಬೇಕಂತಲೇ ಬಿಟ್ಟಳೋ, ಗೊತ್ತಿಲ್ಲ. ಗೇರು ಬಿತ್ತು. ಒಂದು, ಎರಡು, ಮೂರು. ನಾನು ಕಲಿಸಿದ ಹಾಗೆಯೇ, ಅವಸರವಿಲ್ಲದೆ.

ಹೆಂಡತಿ ಫೋನ್ ಎತ್ತಿಕೊಳ್ಳಲು ಬಂದಳು. ‘ಕಟ್ ಮಾಡ್ಬ್ಯಾಡ’ ಅಂದೆ. ಆಸ್ಪತ್ರೆ ಹದಿನಾಲ್ಕು ಕಿಲೋಮೀಟರು. ಅಷ್ಟು ದೂರವೂ ನಾವಿಬ್ಬರೂ ಜಗಲಿಯ ಮೇಲೆ ಕೂತು ಕೇಳಿದೆವು.