ಜೆಟ್ಟಿನ ಬಾಲ ಕಾಯುವ ಓಂಕಾರಮೂರ್ತಿ

ಅಜ್ಜಂಪುರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನಿನ್ನೆ ರಜೆಯ ಮೇಲೆ ಬಂದ ಓಂಕಾರಮೂರ್ತಿ ಅಂಗಳದ ಎತ್ತಿನಗಾಡಿಯ ಹಿಂದೆ ನಿಂತು ಬಲಗೈ ಎತ್ತುತ್ತಾರೆ. ಸರಸರನೆ ಮುಂದಕ್ಕೆ ಬಂದು, ಗಾಡಿಗೆ ಎದುರಾಗಿ ನಿಂತು ಮತ್ತೆ ಬಲಗೈ ಎತ್ತುತ್ತಾರೆ. ಅಯ್ಯೋ ಶಿವನೇ, ಈಗ ಅದೇ ಕೈ ಗಾಡಿಯ ಎಡಕ್ಕೆ ಬಂತು!

"ಏನ್ರೀ, ಮುಖಾನೂ ತೊಳೀದೆ ಗಾಡಿಗೆ ಪ್ರದಕ್ಷಿಣೆ?" ಎಂದು ಹೆಂಡತಿ ವಿಮಲಮ್ಮ ನಗುತ್ತಾರೆ.

"ನಗಬ್ಯಾಡ ಕಣೇ, ಎದೆ ಡವಡವ ಅಂತೈತೆ."

ಓಂಕಾರಮೂರ್ತಿ ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಮೆಕ್ಯಾನಿಕ್. ರೆಕ್ಕೆ ಹಿಂದಕ್ಕೆ ಬಾಗಿದ ಜೆಟ್ಟುಗಳಿಗೊಂದು ಹಾಳು ಚಾಳಿಯಿದೆ: ಗಾಳಿ ಪಕ್ಕದಿಂದ ತಳ್ಳಿದರೆ ಬಾಲ ಆಚೀಚೆ ಬೀಸುತ್ತದೆ, ಅದರ ಜೊತೆಗೆ ರೆಕ್ಕೆಗಳೂ ಏರಿಳಿಯುತ್ತವೆ. ಬಾಲ ಬೀಸಿದ್ದನ್ನು ಪೈಲಟ್ಟಿಗಿಂತ ಮೊದಲೇ ಅರಿತು, ಬಾಲದಲ್ಲಿರುವ ಚುಕ್ಕಾಣಿಯನ್ನು ತಿರುಗಿಸಿ ತಡೆಯುವ ಪೆಟ್ಟಿಗೆಯೊಂದು ಒಳಗಿರುತ್ತದೆ. ಅದನ್ನು ಕೂರಿಸುವುದೇ ಇವರ ಕೆಲಸ. "ಉಲ್ಟಾ ಜೋಡಿಸಿದ್ರೆ ಮುಗೀತು ಕಣೇ," ಎನ್ನುತ್ತಾರೆ ಹೆಂಡತಿಗೆ. "ತಡೆಯೋದು ಬಿಟ್ಟು ತಾನೇ ತೂಗಾಡಿಸ್ತದೆ."

ಜೋಡಿಸಿದ ಮೇಲೆ ಒಬ್ಬರು ಪೆಟ್ಟಿಗೆಯನ್ನು ತಿರುಗಿಸಬೇಕು, ಇನ್ನೊಬ್ಬರು ಬಾಲದ ಹಿಂದೆ ನಿಂತು ಚುಕ್ಕಾಣಿ ಎತ್ತ ಹೊರಳಿತೆಂದು ಕೂಗಬೇಕು. ಮೊನ್ನೆ ಹಿಂದುಗಡೆ ಏಣಿಗಳ ರಾಶಿಯಿತ್ತು. ರೈಲು ಹಿಡಿಯುವ ಅವಸರ ಬೇರೆ. ಓಂಕಾರಮೂರ್ತಿ ಬಾಲದ ಮುಂದುಗಡೆ, ಹಿಂದಕ್ಕೆ ಮುಖ ಮಾಡಿ ನಿಂತೇ "ಬಲ, ಸರಿ!" ಎಂದು ಕೂಗಿ ಬೀರೂರಿನ ರೈಲು ಹತ್ತಿದ್ದರು. ತಮ್ಮ ಬಲವೋ ವಿಮಾನದ ಬಲವೋ? ಈಗ ನೆನಪಾಗುತ್ತಿಲ್ಲ. ಆ ವಿಮಾನ ಇವತ್ತೇ ಪರೀಕ್ಷೆಗೆ ಮೇಲೇರಲಿದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗದು. ಆದರೂ ಅಂಚೆ ಕಚೇರಿಯ ಬಾಗಿಲು ಬಡಿದು ಅರ್ಜೆಂಟ್ ಟ್ರಂಕ್ ಕಾಲ್ ಹಾಕುತ್ತಾರೆ. "ಸಾರ್, ಬಿಡಬ್ಯಾಡಿ, ಇನ್ನೊಂದ್ಸಲ ನೋಡಿ! ನಾನು ಎದುರಿಗೆ ನಿಂತಿದ್ದೆ!" ಅತ್ತ ಫೋರ್‌ಮನ್ ಗಂಗಾಧರಯ್ಯ ಬೈದು ಫೋನ್ ಇಡುತ್ತಾರೆ.

ಇವರು ಅಂಚೆ ಕಚೇರಿಯ ಜಗಲಿಯಲ್ಲೇ ಕೂರುತ್ತಾರೆ, ಏಳುತ್ತಾರೆ, ರಸ್ತೆ ನೋಡುತ್ತಾರೆ, ಮತ್ತೆ ಕೂರುತ್ತಾರೆ. ಕೊನೆಗೂ ಫೋನ್ ಬಡಿದುಕೊಳ್ಳುತ್ತದೆ.

"ಉಲ್ಟಾನೇ ಇತ್ತು ಕಣಯ್ಯಾ," ಎನ್ನುತ್ತಾರೆ ಗಂಗಾಧರಯ್ಯ. "ಸರಿ ಮಾಡಿದ್ವಿ. ಸಾಹೇಬ್ರು ಮಾತ್ರ ಕೆಂಡ ಆಗವ್ರೆ. ಈ ಸಲ ನಿನ್ನ ಪ್ರಮೋಷನ್ ಹೋಯ್ತು ಅನ್ಕೋ."

ಓಂಕಾರಮೂರ್ತಿ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಾರೆ. ಬೇಸರವೂ ಇದೆ, ಹೋದ ಜೀವ ಬಂದಂತೆಯೂ ಇದೆ. ಮನೆಗೆ ಬಂದರೆ ವಿಮಲಮ್ಮ ಕಾಫಿ ತರುತ್ತಾರೆ. ಅವಸರದಲ್ಲಿ ಲೋಟ ಬಾಯಿಗೆತ್ತುವಾಗ ಕಾಫಿ ಪಂಚೆಯ ಮೇಲೆ ಚೆಲ್ಲುತ್ತದೆ.

"ಇಲ್ಲಿ ಚೆಲ್ಲಿದ್ರೆ ಚೆಲ್ಲಲಿ ಬಿಡೇ," ಎನ್ನುತ್ತಾರೆ ಓಂಕಾರಮೂರ್ತಿ. "ಮೇಲೆ ವಿಮಾನದಾಗೆ, ಬಾಲದ ಹತ್ರ ಹಿಂದಿನ ಸೀಟಲ್ಲಿ ಕೂತೋರ ಕಾಫಿ ಚೆಲ್ಲಬಾರ್ದು. ನನಗೆ ಅಷ್ಟೇ ಸಾಕು ಕಣೇ."